ಲೂಯಿಸ್ ಮಾಸ್ಟ್ರ ಸ್ಟ್ರಿಕ್ಟ್ ಟೈಪಿಂಗ್

ಶಿರ್ವದ ಲೂಯಿಸ್ ಮಾಸ್ಟ್ರ ಬೆರಳು ಇಂದಿನವರೆಗೆ ಎಲ್ಲಿಯೂ ತಪ್ಪಿದ್ದಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದ್ದೇ. ಪೇಟೆಯ ಮಹಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ‘ಲೂಯಿಸ್ ಕಮರ್ಷಿಯಲ್ ಇನ್‌ಸ್ಟಿಟ್ಯೂಟ್’ ನಡೆಸಿ ಅವರು ಅರ್ಧ ಊರಿಗೆ ಟೈಪಿಂಗ್ ಕಲಿಸಿದರು. ಕಲಿತವರಲ್ಲಿ ಕೆಲವರು ಬ್ಯಾಂಕಿಗೆ ಹೋದರು, ಕೆಲವರು ಕೋರ್ಟಿಗೆ ಹೋದರು, ಬಹಳ ಮಂದಿ ಗಲ್ಫಿಗೆ ಹೋಗಿ ದೊಡ್ಡ ದೊಡ್ಡ ಮನೆ ಕಟ್ಟಿಸಿದರು. ಹೂವಪ್ಪನೆಂಬ ನಾನು ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಓಮ್ನಿ ಓಡಿಸಲು ಹೋದೆ. ನಾನು ಫೇಲಾದ ಬಗ್ಗೆ ಮಾಸ್ಟ್ರಿಗೆ ಈಗಲೂ ಬೇಸರವಿದೆ. ನನಗೆ ಅಷ್ಟೇನಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇನ್‌ಸ್ಟಿಟ್ಯೂಟಿಗೆ ಬಾಗಿಲು ಬಿತ್ತು. ಹದಿನಾಲ್ಕು ಮೆಷಿನ್‌ಗಳಲ್ಲಿ ಹದಿಮೂರು ಗುಜರಿಗೆ ಹೋದವು. ಉಳಿದ ಒಂದು ಮಾಸ್ಟ್ರ ಮನೆಯ ಹಾಲ್‌ನಲ್ಲಿ, ಅವರ ಹೆಂಡತಿ ಎಲಿಜಬೆತ್ ಬಾಯಮ್ಮ ಕ್ರೋಶದ ಸೂಜಿಯಲ್ಲಿ ಹೆಣೆದ ಬಟ್ಟೆ ಹೊದ್ದುಕೊಂಡು ಕುಳಿತಿತ್ತು. ಅರವತ್ನಾಲ್ಕು ವರ್ಷದ ಮಾಸ್ಟ್ರು ದಿನಾ ಬೆಳಿಗ್ಗೆ ಬಟ್ಟೆ ಸರಿಸಿ ಹತ್ತು ನಿಮಿಷ ಟಕಟಕ ಹೊಡೆದು ಮತ್ತೆ ಮುಚ್ಚುತ್ತಿದ್ದರು. ಯಾಕೆ ಎಂದು ಕೇಳಿದರೆ, ಬೆರಳು ತಪ್ಪಬಾರದಲ್ಲ ಎನ್ನುತ್ತಿದ್ದರು.

ಅಂಥ ಬೆರಳಿನ ಮೇಲೆ ಒಂದು ಗುರುವಾರ ಆರೋಪ ಬಂತು. ಆರೋಪದ ತೂಕ ಹನ್ನೊಂದು ಕಿಲೋ.

ನಾನು ಅವರ ಏಣಿ ವಾಪಸ್ ಕೊಡಲು ಹೋಗಿದ್ದೆ. ಸಿಟೌಟಿನ ತುಂಬ ಮಟ್ಟುಗುಳ್ಳ ಬದನೆ ಉರುಳಾಡುತ್ತಿತ್ತು. ಎಲಿಜಬೆತ್ ಬಾಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಮಾಸ್ಟ್ರು ಮೊಬೈಲ್ ಹಿಡಿದುಕೊಂಡು ಆಪಾದಿತರ ಜಾಗದಲ್ಲಿ ನಿಂತಿದ್ದರು.

“ಎರಡು ಕಿಲೋ ಹೇಳಿದ್ದು ನಾನು. ಎರಡು!” ಎಂದರು ಬಾಯಮ್ಮ.

“ನಾನೂ ಎರಡೇ ಹೇಳಿದ್ದು. ಮೊದಲು ಒಂದು ಅಂತ ಟೈಪ್ ಮಾಡಿ ಬುಟ್ಟಿಗೆ ಹಾಕಿದೆ. ನೀನು ಒಳಗಿಂದ ‘ನೆಂಟರು ಬರ್ತಾರೆ, ಇನ್ನೊಂದು ಕಿಲೋ ಇರ್ಲಿ’ ಅಂತ ಬೊಬ್ಬೆ ಹಾಕಿದೆ. ಇನ್ನೊಂದು ಸಲ ಒಂದು ಅಂತ ಟೈಪ್ ಮಾಡಿ ಹಾಕಿದೆ.”

“ಮತ್ತೆ ಹನ್ನೊಂದು ಹೇಗೆ ಬಂತು?”

“ಅದರಲ್ಲಿ ಒಂದು, ಒಂದು ಅಂತ ಪಕ್ಕಪಕ್ಕ ಕಂಡಿತು. ಒಂದು ಆಗ ಹಾಕಿದ್ದು, ಒಂದು ಈಗ ಹಾಕಿದ್ದು. ಸರಿಯಾಗಿಯೇ ಉಂಟಲ್ಲ ಅಂತ ಆರ್ಡರ್ ಒತ್ತಿದೆ.”

“ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಬೆರಳು ನಡುಗಿ ಹೆಚ್ಚು ಸಲ ಒತ್ತಿದ್ದೀರಿ ನೀವು. ಪ್ರಾಯ ಆಯ್ತು ಅಂತ ಒಪ್ಪಿಕೊಂಡ್ರೆ ಕಿರೀಟ ಬೀಳ್ತದಾ?”

ಮಾಸ್ಟ್ರ ಮುಖ ಸಣ್ಣದಾಯಿತು. ಅವರ ಪ್ರಾಯದ ಬಗ್ಗೆ ಏನೂ ಹೇಳಬಹುದು, ಕೂದಲಿನ ಬಗ್ಗೆ ಹೇಳಬಹುದು, ಅವರು ಹಾಡುವಾಗ ಇಗರ್ಜಿಯ ಕೊಯರ್ ಒಂದು ಸಾಲು ಹಿಂದೆ ಬೀಳುವುದರ ಬಗ್ಗೆಯೂ ಹೇಳಬಹುದು. ಬೆರಳಿನ ಬಗ್ಗೆ ಹೇಳಬಾರದು. ನನಗೆ ಪಾಪ ಅನ್ನಿಸಿತು. ಬಾಯಮ್ಮ ಎರಡು ಕಿಲೋ ಗುಳ್ಳ ನನ್ನ ಕೈಗೆ ಹಾಕಿದ ಮೇಲೆ ನನ್ನ ಬಗ್ಗೆಯೂ ಪಾಪ ಅನ್ನಿಸಿತು. ಏಕೆಂದರೆ ನನ್ನ ಹೆಂಡತಿ ಸುಂದರಿ ಅದೇ ದಿನ ಸಂತೆಯಿಂದ ಗುಳ್ಳ ತಂದಿದ್ದಳು.

ಮರುದಿನ ಬೆಳಿಗ್ಗೆ ಮಾಸ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಅಂಗಳದಲ್ಲಿ ನಿಂತಿದ್ದರು. “ಹೂವಪ್ಪ, ಓಮ್ನಿ ತೆಗಿ. ಮಣಿಪಾಲಕ್ಕೆ ಹೋಗ್ಲಿಕ್ಕುಂಟು.”

“ಗುಳ್ಳ ವಾಪಸ್ ಕೊಡ್ಲಿಕ್ಕಾ ಮಾಸ್ಟ್ರೇ?”

“ಗುಳ್ಳ ಇರ್ಲಿ. ನನ್ನ ಬೆರಳಿನದ್ದು ತಪ್ಪಿಲ್ಲ ಅಂತ ಆ ಕಂಪನಿಯವರಿಂದ ಬರೆಸಿಕೊಂಡು ಬರ್ಬೇಕು. ಸೈನ್ ಮತ್ತು ಸೀಲ್ ಸಮೇತ.”

ಆ ಕಂಪನಿಯ ಹೆಸರು ‘ನಮ್ಮ ಬುಟ್ಟಿ’. ತರಕಾರಿ, ಮೀನು, ತೆಂಗಿನಕಾಯಿ, ಹೂವು ಎಲ್ಲವನ್ನೂ ಮೊಬೈಲಿನಲ್ಲಿ ಕೇಳಿದರೆ ಮನೆಗೆ ತಲುಪಿಸುತ್ತಾರೆ. ಆಫೀಸು ಮಣಿಪಾಲದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಒಳಗಿದ್ದದ್ದು ಮೂರೇ ಜನ. ಯಜಮಾನತಿ ವನೆಸ್ಸಾ ನಮ್ಮ ಶಿರ್ವದವಳೇ, ಮಾಸ್ಟ್ರ ಹತ್ತಿರ ಸೀನಿಯರ್ ಪಾಸಾದ ಇಮೆಲ್ಡಾಳ ಮಗಳು. ಜೊತೆಗೆ ಕಾರ್ಕಳದ ಡೆನ್ವರ್ ಎಂಬ ಗಡ್ಡದ ಹುಡುಗ ಮತ್ತು ಕಾಪುವಿನ ಕಾವ್ಯ. ಮಾಸ್ಟ್ರು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ, ಹತ್ತೂ ಬೆರಳನ್ನು ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟರು.

ವನೆಸ್ಸಾ ತಲೆಗೆ ಕೈಹಚ್ಚಿಕೊಂಡಳು. “ಸಾರಿ ಅಂಕಲ್. ನಿಮ್ಮ ಬೆರಳಿನದ್ದು ಎಂತದೂ ತಪ್ಪಿಲ್ಲ. ತಪ್ಪು ನಮ್ಮದೇ. ಟೈಪಿಂಗ್ ಇಲ್ಲದ್ದರಿಂದ ಆದದ್ದು.”

“ಎಂತ ಇಲ್ಲದ್ದರಿಂದ?”

“ಟೈಪಿಂಗ್ ಅಂಕಲ್. ಶುರುವಿಗೆ ಗಡಿಬಿಡಿಯಲ್ಲಿ ಟೈಪಿಂಗ್ ಇಲ್ಲದೆಯೇ ಎಲ್ಲ ಬರೆದುಬಿಟ್ಟೆವು. ಸಣ್ಣದಿರುವಾಗ ನಡೀತಿತ್ತು. ಈಗ ಕಾಪುವಿನಿಂದ ಕಾರ್ಕಳದವರೆಗೆ ಆರ್ಡರ್ ಉಂಟು. ಬುಟ್ಟಿಗೊಂದು, ಬೆಲೆಗೊಂದು, ವಿಳಾಸಕ್ಕೊಂದು ಅಂತ ವೆಬ್‌ಸೈಟಿನಲ್ಲಿ ನೂರಿಪ್ಪತ್ತು ತುಂಡು ಆಗಿದೆ. ಒಂದೊಂದು ತುಂಡಿಗೂ ಈಗ ಟೈಪಿಂಗ್ ಹಾಕ್ಬೇಕು.”

ಮಾಸ್ಟ್ರು ಮೂರು ಕಂಪ್ಯೂಟರುಗಳನ್ನು ಒಂದೊಂದಾಗಿ ನೋಡಿದರು. “ಇಷ್ಟೆಲ್ಲ ಇಟ್ಟುಕೊಂಡು ಟೈಪಿಂಗ್ ಬರುವವರು ಒಬ್ರೂ ಇಲ್ವಾ?”

“ಸ್ವಲ್ಪ ಸ್ವಲ್ಪ ಬರ್ತದೆ ಅಂಕಲ್,” ಎಂದ ಡೆನ್ವರ್. “ಆದ್ರೆ ಸ್ಟ್ರಿಕ್ಟ್ ಮಾಡಿದ ಕೂಡ್ಲೆ ಸಾವಿರದ ಇನ್ನೂರು ಎರರ್ ಬರ್ತದೆ. ಹೆದರಿಕೆಯಾಗಿ ಸ್ಟ್ರಿಕ್ಟ್ ತೆಗೆದಿಡ್ತಾರೆ ಇವರು.”

“ಸ್ಟ್ರಿಕ್ಟ್ ತೆಗೀಬಾರ್ದು!” ಮಾಸ್ಟ್ರು ಮೇಜು ಗುದ್ದಿದರು. “ಸ್ಟ್ರಿಕ್ಟ್ ಇಲ್ಲದ ಟೈಪಿಂಗ್ ಟೈಪಿಂಗೇ ಅಲ್ಲ.”

ಡೆನ್ವರ್ ಕುರ್ಚಿಯಿಂದ ಎದ್ದೇಬಿಟ್ಟ. “ಅದನ್ನೇ ಅಂಕಲ್ ಆರು ತಿಂಗಳಿಂದ ನಾನು ಇವರಿಗೆ ಹೇಳುವುದು!”

“ಶುರುವಿಗೆ ಎರರ್ ಬರ್ತದೆ. ಬರ್ಲಿ. ಒಂದೊಂದಾಗಿ ತಿದ್ದಬೇಕು. ಅಭ್ಯಾಸ ಆದ ಮೇಲೆ ಎರರೇ ಬರುವುದಿಲ್ಲ.”

“ನೋಡಿ, ನೋಡಿ! ಹೊರಗಿನವರಿಗೂ ಗೊತ್ತುಂಟು!” ಡೆನ್ವರ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಬ್ಬರೂ ಕೈಕುಲುಕಿದರು. ಒಬ್ಬರು ಒಂದು ಲೋಕದಲ್ಲಿ, ಇನ್ನೊಬ್ಬ ಇನ್ನೊಂದು ಲೋಕದಲ್ಲಿ ಇದ್ದುಕೊಂಡು ಇಷ್ಟು ಒಮ್ಮತಕ್ಕೆ ಬಂದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅಷ್ಟರಲ್ಲಿ ವನೆಸ್ಸಾಳ ಫೋನು ಹೊಡೆದುಕೊಂಡಿತು. ಮಾಸ್ಟ್ರು ಎದ್ದು, “ಹಾಗಾದ್ರೆ ಸೋಮವಾರ ಒಂಬತ್ತೂವರೆಗೆ ಬರ್ತೇನೆ,” ಎಂದರು. ಫೋನಿನ ಗಲಾಟೆಯಲ್ಲಿ ಅವಳಿಗೆ ಕೇಳಿಸಿದ್ದು ಕೊನೆಯ ‘ಬರ್ತೇನೆ’ ಮಾತ್ರ. ನಮ್ಮ ಕಡೆ ಹೊರಟವರು ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ, ಎಲ್ಲರೂ ‘ಬರ್ತೇನೆ’ ಎಂದೇ ಹೋಗುವುದು. ಅವಳು ಫೋನಿಗೆ ಕೈ ಅಡ್ಡ ಹಿಡಿದು, ಮರ್ಯಾದೆಯಾಗಿ, “ಆಯ್ತು ಅಂಕಲ್, ಬನ್ನಿ,” ಎಂದಳು.

ಬೆರಳಿನ ಪತ್ರ ಬರೆಸಿಕೊಳ್ಳುವುದನ್ನು ಮಾಸ್ಟ್ರು ಮರೆತೇಬಿಟ್ಟರು. ಮೆಟ್ಟಿಲಿಳಿಯುವಾಗ ಅವರ ಕಾಲು ನೆಲ ಮುಟ್ಟುತ್ತಿರಲಿಲ್ಲ. “ಕೇಳಿದೆಯಲ್ಲ ಹೂವಪ್ಪ? ‘ಬನ್ನಿ’ ಅಂದ್ಲು. ಇಪ್ಪತ್ತು ವರ್ಷದ ಮೇಲೆ ಟೈಪಿಂಗಿಗೆ ಜನ ಬೇಕಾಯ್ತು!”

ನಾನು ಕೇಳಿದ್ದೇನೋ ಹೌದು. ಆದರೆ ಎರಡು ಸಲ ಫೇಲಾದವನು ಟೈಪಿಂಗಿನ ವಿಷಯದಲ್ಲಿ ಬಾಯಿ ಹಾಕುವುದು ಹೇಗೆ?

ಶಿರ್ವ ಮುಟ್ಟುವ ಮೊದಲೇ ಮಾಸ್ಟ್ರು ಫೋನಿನಲ್ಲಿ ನಾಲ್ಕು ಜನರಿಗೆ ವಿಷಯ ಹೇಳಿದ್ದರು. ಶನಿವಾರ ಬೆಳಿಗ್ಗೆ ಮೀನಿನ ಮಾರ್ಕೆಟಿನಲ್ಲಿ ಅವರು ಮಣಿಪಾಲದ ಕಂಪನಿಯಲ್ಲಿ ಟೈಪಿಂಗ್ ಮಾಸ್ಟ್ರಾಗಿದ್ದರು. ಮಧ್ಯಾಹ್ನ ಸೊಸೈಟಿಯ ಜಗಲಿಯಲ್ಲಿ ಟೈಪಿಂಗ್ ಹೆಡ್ ಆದರು. ಸಂಜೆ ಬಹರೈನ್‌ನಿಂದ ಅವರ ತಮ್ಮ ನೆವಿಲ್ ವಿಡಿಯೋ ಕಾಲ್ ಮಾಡಿ, “ಲೂಯಿಸಣ್ಣ, ಜನರಲ್ ಮ್ಯಾನೇಜರ್ ಆದೆಯಂತೆ?” ಎಂದು ಕೇಳಿದಾಗ ಮಾಸ್ಟ್ರು ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದರು.

ಆದಿತ್ಯವಾರ ಪೂಜೆ ಮುಗಿದ ಕೂಡಲೇ ವಾಡೆಯ ಗುರ್ಕಾರ ಸ್ಟೀವನ್ ಓಡಿಬಂದ. ಗುರ್ಕಾರ ಅಂದರೆ ಇಗರ್ಜಿಗೆ ಸೇರಿದ ಆ ಭಾಗದ ಮನೆಗಳಿಗೆಲ್ಲ ಹಿರಿಯ. ಸ್ಟೀವನ್‌ಗೆ ಯಾರಿಗಾದರೂ ಸನ್ಮಾನ ಮಾಡದೆ ಎರಡು ತಿಂಗಳಾಗಿತ್ತು, ಶಾಲು ಮನೆಯಲ್ಲೇ ಇತ್ತು. “ಬರುವ ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ ನಿಮ್ಮ ಅಂಗಳದಲ್ಲೇ ಸನ್ಮಾನ. ಎಂತ ಬರೆಸುವುದು ಫ್ಲೆಕ್ಸಿನಲ್ಲಿ?”

“ಹೆಚ್ಚು ಬೇಡ ಮಾರಾಯ,” ಎಂದರು ಮಾಸ್ಟ್ರು. “ಸಾವಿರದ ಇನ್ನೂರು ಎರರ್ ಸರಿ ಮಾಡುವವರು ಅಂತ ಹಾಕಿದ್ರೆ ಸಾಕು.”

ಮಂಗಳವಾರದ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮಾಸ್ಟ್ರ ಮುಖ ಆರಡಿ ಎತ್ತರದಲ್ಲಿ ನಗತೊಡಗಿತು. ಆದರೆ ಅದಕ್ಕಿಂತ ಮೊದಲು ಸೋಮವಾರ ಬಂತು.

ಸೋಮವಾರ ಮೆಷಿನ್ ಹೊರಟಿತು. ಹದಿನೈದು ಕಿಲೋ ಕಬ್ಬಿಣ. ಓಮ್ನಿಯಲ್ಲಿ ಅದು ಸುಖವಾಗಿ ಕುಳಿತು ಬಂತು, ಮೂರು ಮಹಡಿ ಮಾತ್ರ ನನ್ನ ಹೆಗಲ ಮೇಲೆ. ಬಾಯಮ್ಮ ಕಂಪನಿಯವರಿಗೆಂದು ಕೊಟ್ಟ ಮೂರು ಕಿಲೋ ಗುಳ್ಳ ಬೇರೆ. ಅವರ ಗುಳ್ಳವನ್ನೇ ಅವರಿಗೆ ಉಡುಗೊರೆ ಕೊಡುವುದು ಸರಿಯಾ ಎಂದು ನಾನು ಕೇಳಲಿಲ್ಲ.

ಬಾಗಿಲಲ್ಲಿ ನಮ್ಮನ್ನು ಕಂಡು ವನೆಸ್ಸಾ ಬೆಚ್ಚಿಬಿದ್ದಳು. ಆದರೆ ಅವಳ ಅಮ್ಮ ಇಮೆಲ್ಡಾ ಆಗಲೇ ಫೋನ್ ಮಾಡಿದ್ದಳಂತೆ: “ಮಾಸ್ಟ್ರಿಗೆ ಕೆಲಸ ಕೊಟ್ಟದ್ದು ಒಳ್ಳೇದಾಯ್ತು ಮಗಾ, ಅವರು ಕಲಿಸಿದ ಟೈಪಿಂಗಿನಿಂದಲೇ ನಾನು ನಿನ್ನನ್ನು ಸಾಕಿದ್ದು.” ಅಂಥ ಮಾತು ಕೇಳಿದ ಮೇಲೆ ಯಾವ ಮಗಳು ತಾನೇ ಬಾಗಿಲು ಹಾಕಿಯಾಳು? ಅವಳು ಒಂದು ಕುರ್ಚಿ ಎಳೆದುಕೊಟ್ಟಳು.

ಮಾಸ್ಟ್ರು ಮೇಜು ಒರೆಸಿ, ಮೆಷಿನ್ ಇಟ್ಟು, ಕಾಗದ ಸುತ್ತಿದರು. “ಎಲ್ರೂ ಬನ್ನಿ. ಬೆನ್ನು ನೇರ. ಮೊಣಕೈ ಒಳಗೆ. ಎ ಎಸ್ ಡಿ ಎಫ್.”

ಮೂವರೂ ಬೆನ್ನು ನೇರ ಮಾಡಿ ಕುಳಿತರು. ಡೆನ್ವರ್ ಬಹಳ ಶ್ರದ್ಧೆಯಿಂದ ಕುಳಿತಿದ್ದ, ಇದು ಯಾವುದೋ ಹೊಸ ವಿಧಾನವಿರಬೇಕು ಎಂದು ಅವನ ಲೆಕ್ಕ. ಇಪ್ಪತ್ತು ನಿಮಿಷ ಟಕಟಕ ಆಯಿತು. ಕೆಳಗಿನ ಮಹಡಿಯವರು ಬಂದು, ಮರದ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿಹೋದರು. ಕೊನೆಗೆ ಕಾವ್ಯ ಮೆಲ್ಲನೆ ಕೈ ಎತ್ತಿದಳು.

“ಸರ್, ಇದು ಟೈಪ್‌ಸ್ಕ್ರಿಪ್ಟಿನ ಟ್ರೈನಿಂಗಾ?”

“ಮತ್ತೆಂತ? ಮೆಷಿನ್ನಿನಲ್ಲಿ ಹೊಡೆದ ಕಾಗದಕ್ಕೆ ಟೈಪ್‌ಸ್ಕ್ರಿಪ್ಟ್ ಅಂತಲೇ ಹೇಳುವುದು!”

ವನೆಸ್ಸಾ ಡೆನ್ವರ್‌ನನ್ನು ನೋಡಿದಳು. ಡೆನ್ವರ್ ಮೆಷಿನ್ನನ್ನು ನೋಡಿದ. ನಾನು ಕಿಟಕಿಯಿಂದ ನನ್ನ ಓಮ್ನಿಯನ್ನು ನೋಡಿದೆ. ಆಮೇಲೆ ವನೆಸ್ಸಾ ಸ್ಟೂಲು ಎಳೆದುಕೊಂಡು ಮಾಸ್ಟ್ರ ಪಕ್ಕ ಕುಳಿತು, ತನ್ನ ಟೈಪಿಂಗ್ ಅಂದರೆ ಬೆರಳಿನ ಟೈಪಿಂಗ್ ಅಲ್ಲವೆಂದು ಆದಷ್ಟು ಮೆತ್ತಗೆ ಹೇಳಿದಳು. ಟೈಪ್‌ಸ್ಕ್ರಿಪ್ಟ್ ಎಂಬುದು ಕಂಪ್ಯೂಟರಿನ ಒಂದು ಭಾಷೆ. ಅದರಲ್ಲಿ ಪ್ರತಿಯೊಂದು ವಸ್ತುವೂ ತಾನು ಯಾವ ಜಾತಿ, ಯಾವ ಬಗೆ ಎಂದು ಮೊದಲೇ ಹೇಳಿಕೊಳ್ಳಬೇಕು. ಬಗೆಗೆ ಟೈಪ್ ಎನ್ನುತ್ತಾರೆ. ಆ ಬಗೆಯನ್ನು ಬರೆಯುವುದಕ್ಕೇ ಟೈಪಿಂಗ್ ಹಾಕುವುದು ಎನ್ನುತ್ತಾರೆ. ಬಗೆ ಹೇಳದ್ದನ್ನೆಲ್ಲ ಒಂದೂ ಬಿಡದೆ ಎರರ್ ಎಂದು ತೋರಿಸುವುದೇ ಸ್ಟ್ರಿಕ್ಟ್.

ಮಾಸ್ಟ್ರು ಕಾಗದ ಹೊರಗೆ ತೆಗೆದರು, ನಾಲ್ಕಾಗಿ ಮಡಚಿ ಕಿಸೆಗೆ ಹಾಕಿದರು, ಕ್ರೋಶದ ಬಟ್ಟೆ ಮುಚ್ಚಿದರು. “ಗುಳ್ಳ ಇಡ್ತೇನೆ ಮಗಾ. ಬರ್ತೇನೆ,” ಎಂದರು. ಇದು ಹೋಗುವ ಬರ್ತೇನೆ ಎಂದು ಎಲ್ಲರಿಗೂ ಗೊತ್ತಾಯಿತು. ನಾನು ಮೂರು ಮಹಡಿ ಇಳಿಸಬೇಕಾದ ಕಬ್ಬಿಣದ ಕಡೆ ಕೈಚಾಚಿದೆ.

ಬಾಗಿಲ ಹತ್ತಿರ ಮಾಸ್ಟ್ರು ತಿರುಗಿದರು. “ಅದಿರ್ಲಿ, ನನ್ನ ಒಂದೂ ಒಂದೂ ಹನ್ನೊಂದು ಆದದ್ದು ಹೇಗೆ? ಅದೊಂದು ಹೇಳಿಬಿಡಿ. ಮನೆಯಲ್ಲಿ ಹೇಳ್ಲಿಕ್ಕೆ ಬೇಕು.”

“ನೀವು ಒತ್ತಿದ ಒಂದು ಸಂಖ್ಯೆ ಅಂತ ನಮ್ಮ ಬುಟ್ಟಿಗೆ ಗೊತ್ತಾಗ್ಲಿಲ್ಲ ಅಂಕಲ್,” ಎಂದ ಡೆನ್ವರ್. “ಅಕ್ಷರ ಅಂತ ತಿಳಿದುಕೊಂಡಿತು. ಸಂಖ್ಯೆಯಾದ್ರೆ ಕೂಡಿಸ್ತದೆ, ಎರಡಾಗ್ತದೆ. ಅಕ್ಷರವಾದ್ರೆ ಪಕ್ಕಪಕ್ಕ ಇಡ್ತದೆ. ಹನ್ನೊಂದಾಯ್ತು.”

ಮಾಸ್ಟ್ರು ನಿಂತಲ್ಲೇ ನಿಂತರು. ಆಮೇಲೆ ದಡದಡ ವಾಪಸ್ ಬಂದು ಕ್ರೋಶದ ಬಟ್ಟೆಯನ್ನು ಕಿತ್ತೆಸೆದರು. “ಬಾ ಇಲ್ಲಿ. ಇದರಲ್ಲಿ ಒಂದರ ಕೀ ಎಲ್ಲಿ ಉಂಟು, ಹುಡುಕು.”

ಡೆನ್ವರ್ ಬಗ್ಗಿ ನೋಡಿದ. ಎರಡು ಇತ್ತು, ಮೂರು ಇತ್ತು, ಒಂಬತ್ತರವರೆಗೆ ಎಲ್ಲವೂ ಇತ್ತು. ಒಂದು ಇರಲಿಲ್ಲ.

“ಇಲ್ಲ! ಹಳೇ ಮೆಷಿನ್ನಿನಲ್ಲಿ ಒಂದರ ಕೀ ಇಡುವುದೇ ಇಲ್ಲ. ಒಂದು ಬೇಕಾದ್ರೆ ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹೊಡೀಬೇಕು. ಎರಡು ಎಲ್ ಪಕ್ಕಪಕ್ಕ ಹೊಡೆದ್ರೆ ಹನ್ನೊಂದು! ಕಣ್ಣಿಗೆ ಅಂಕೆ, ಒಳಗೆ ಅಕ್ಷರ. ಇದನ್ನು ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ ನಾನು. ಓದುವವನಿಗೆ ಇದು ಅಂಕೆಯೋ ಅಕ್ಷರವೋ ಅಂತ ಹೇಳಿಯೇ ಕೊಡಬೇಕು, ಇಲ್ಲದಿದ್ರೆ ಗ್ರಹಚಾರ!”

“ಅಂಕಲ್,” ಎಂದ ಡೆನ್ವರ್, “ಟೈಪಿಂಗ್ ಅಂದ್ರೆ ಅಷ್ಟೇ.”

“ಅಷ್ಟೇಯಾ?”

“ಅಷ್ಟೇ.”

ಮಾಸ್ಟ್ರು ಕುಳಿತುಕೊಂಡರು. ಬಂದ ಕೆಲಸ ಬೇರೆಯಾದರೂ ಕುರ್ಚಿ ಅದೇ ಆಯಿತು. ಡೆನ್ವರ್‌ನ ಪರದೆಯ ಮೇಲೆ ಕಣ್ಣಾಡಿಸಿ, ಪೇಪರು ತಿದ್ದುವವರ ದನಿಯಲ್ಲಿ ಕೇಳಿದರು, “ಇದೆಂತ ಸಾಲುಸಾಲಿನಲ್ಲಿ ‘ಎನಿ, ಎನಿ’ ಅಂತ ಬರೆದದ್ದು?”

ಡೆನ್ವರ್ ಕೆಂಪಾದ. “ಎನಿ ಅಂದ್ರೆ ಎಂತಾದ್ರೂ ಆಗ್ತದೆ ಅಂತ. ಯಾವ ಬಗೆ ಅಂತ ಗೊತ್ತಿಲ್ಲದಲ್ಲಿ ಎನಿ ಹಾಕಿದ್ರೆ ಎರರ್ ಬಾಯಿ ಮುಚ್ತದೆ.”

“ಸ್ಟ್ರಿಕ್ಟ್ ಬೇಕು ಅಂದವ ನೀನೇ ಅಲ್ವಾ?”

“ಹೌದು ಅಂಕಲ್.”

“ಎನಿ ಹಾಕಿದವ ಯಾರು?”

“ನಾನೇ ಅಂಕಲ್.”

“ಕಾಪಿ ಹೊಡೆದದ್ದು!” ಮಾಸ್ಟ್ರ ಕೂಗು ಕೆಳಗಿನ ಮಹಡಿಗೂ ಕೇಳಿರಬೇಕು. “ಒಂದು ಎನಿ ಇರಬಾರದು ಇಲ್ಲಿ. ಮೇಲಿನ ಸಾಲಿನಿಂದ ಬಾ. ಇದು ಎಂತ?”

ಹೀಗೆ ಶುರುವಾದ ‘ಇದು ಎಂತ’ ಐದು ದಿನ ನಡೆಯಿತು. ಮಾಸ್ಟ್ರಿಗೆ ಕಂಪ್ಯೂಟರಿನ ಭಾಷೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಊರಿನಲ್ಲಿ ಯಾವುದು ಎಂತ ಎಂಬುದು ಅವರಿಗೆ ಗೊತ್ತಿತ್ತು. ಹುಡುಗರು ಮಲ್ಲಿಗೆಯನ್ನು ಕಿಲೋದಲ್ಲಿ ಹಾಕಿದ್ದರು. “ಶಂಕರಪುರ ಮಲ್ಲಿಗೆಯನ್ನು ಕಿಲೋದಲ್ಲಿ ತೂಗುವುದಾ? ಚೆಂಡು ಅಂತ ಹಾಕು. ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ.” ತೆಂಗಿನಕಾಯಿಯ ಲೆಕ್ಕದಲ್ಲಿ ಅರ್ಧವೂ ನಡೆಯುತ್ತಿತ್ತು. “ಎರಡೂವರೆ ತೆಂಗಿನಕಾಯಿ ಕೇಳಿದ್ರೆ ಉಳಿದ ಹೋಳು ನಿನ್ನ ಮನೆಗೆ ತಕೊಂಡು ಹೋಗ್ತೀಯಾ? ಪೂರ್ತಿ ಸಂಖ್ಯೆ ಮಾತ್ರ.” ಮೀನು ಕತ್ತರಿಸಿ ಕೊಡಬೇಕೇ ಎಂಬ ಪ್ರಶ್ನೆಗೆ ಏನು ಬೇಕಾದರೂ ಬರೆಯಬಹುದಾಗಿತ್ತು. ಹೆಜಮಾಡಿಯ ಒಬ್ಬರು ‘ಸ್ವಲ್ಪ’ ಎಂದು ಬರೆದಿದ್ದರಂತೆ. “ಹೌದು ಅಥವಾ ಅಲ್ಲ. ಮೂರನೆಯದ್ದು ಬೇಡ.” ವಿಳಾಸದಲ್ಲಿ ಮನೆ ನಂಬರ್ ಬರೆಯಲೇಬೇಕು, ಗುರುತಿನ ಜಾಗ ಬರೆಯದಿದ್ದರೂ ನಡೆಯುತ್ತದೆ ಎಂದಿತ್ತು. ಮಾಸ್ಟ್ರು ಅದನ್ನು ತಿರುಗಿಸಿ ಹಾಕಿಸಿದರು. “ನಮ್ಮ ಕಡೆ ಸ್ವಂತ ಮನೆ ನಂಬರ್ ಯಾರಿಗೆ ಗೊತ್ತುಂಟು ಮಾರಾಯ? ಯಾರ ಮನೆಯ ಹಿಂದೆ ಅಂತ ಬೇಕೇ ಬೇಕು.”

ಒಂದೊಂದು ತುಂಡು ಮುಗಿದಾಗಲೂ ಅದರ ಪಟ್ಟಿಯನ್ನು ಮಾಸ್ಟ್ರು ಮೆಷಿನ್ನಿನಲ್ಲಿ ಹೊಡೆದು ಗೋಡೆಗೆ ಅಂಟಿಸಿದರು. ಬೆಲೆ, ಸಂಖ್ಯೆ. ಹೆಸರು, ಅಕ್ಷರ. ಹುಡುಗರು ಗೋಡೆ ನೋಡಿ ಕಂಪ್ಯೂಟರಿಗೆ ಹಾಕಿದರು. ಸಾವಿರದ ಇನ್ನೂರು ಇದ್ದ ಎರರ್ ಬುಧವಾರಕ್ಕೆ ಏಳುನೂರಾಯಿತು. ನಾನು ದಿನಾ ಅವರನ್ನು ಬಿಟ್ಟು, ಸಂಜೆ ಕರೆತಂದು, ನಡುವೆ ಅಲ್ಲಿಯೇ ಕುಳಿತು ಚಾ ಕುಡಿಯುತ್ತಿದ್ದೆ.

ಸ್ಟ್ರಿಕ್ಟ್ ಮನೆಗೂ ಬಂತು. “ಅದನ್ನು ಕೊಡಿ ಸ್ವಲ್ಪ,” ಎಂದು ಬಾಯಮ್ಮ ಅಡುಗೆಮನೆಯಿಂದ ಕೇಳಿದರೆ, “ಅದು ಅಂದ್ರೆ ಎಂತ? ಎನಿ ನಡೆಯುವುದಿಲ್ಲ,” ಎಂದು ಮಾಸ್ಟ್ರು ಹಾಲ್‌ನಿಂದ ಉತ್ತರ ಕೊಡುತ್ತಿದ್ದರು. ಬಾಯಮ್ಮ ಎರಡು ದಿನ ಸಹಿಸಿದರು. ಮೂರನೆಯ ದಿನ ಮಾಸ್ಟ್ರು ಊಟಕ್ಕೆ ಎಂತ ಉಂಟು ಎಂದು ಕೇಳಿದಾಗ, “ಗುಳ್ಳ. ಟೈಪ್ ಗುಳ್ಳ. ನಾಳೆಯೂ ಗುಳ್ಳ,” ಎಂದರು.

ಗುರುವಾರ ಸಂಜೆ ಗುರ್ಕಾರ ಸ್ಟೀವನ್ ಬಂದ. ಅವನ ಮುಖ ನೋಡಿಯೇ ನನಗೆ ಸಂಶಯವಾಯಿತು.

“ಲೂಯಿಸ್, ನಮ್ಮ ಮಗ ಕಾರ್ಲ್ ಇಂಜಿನಿಯರಿಂಗ್ ಓದುವುದಲ್ವಾ? ಅವ ಹೇಳ್ತಾನೆ, ಕಂಪ್ಯೂಟರಿನ ಟೈಪಿಂಗಿಗೂ ನಿಮ್ಮ ಟೈಪಿಂಗಿಗೂ ಸಂಬಂಧವೇ ಇಲ್ಲ ಅಂತ. ಹೌದಾ?”

“ಹೌದು,” ಎಂದರು ಮಾಸ್ಟ್ರು.

“ದೆವಾ! ಫ್ಲೆಕ್ಸ್ ಹಾಕಿ ಆಗಿದೆ! ಇನ್ನೂರು ಪಫ್ಸ್ ಹೇಳಿ ಆಗಿದೆ! ಈಗ ಜನರಿಗೆ ನಾನು ಎಂತ ಹೇಳುವುದು?”

ಮಾಸ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು. “ಒಂದು ಕೆಲಸ ಮಾಡುವ. ಶನಿವಾರ ಎಲಿಜಬೆತ್ ಒಂದು ಕಿಲೋ ಗುಳ್ಳ ಹಾಕ್ತಾಳೆ. ಮತ್ತೆ ಇನ್ನೊಂದು ಕಿಲೋ ಹಾಕ್ತಾಳೆ, ನಾನು ಮಾಡಿದ ಹಾಗೆಯೇ. ಆದಿತ್ಯವಾರ ಸನ್ಮಾನದ ಹೊತ್ತಿಗೆ ಬುಟ್ಟಿ ಬರ್ಲಿ. ಎರಡು ಬಂದ್ರೆ ಶಾಲು ಹಾಕಿ. ಹನ್ನೊಂದು ಬಂದ್ರೆ ಶಾಲು ಮನೆಗೆ ತಕೊಂಡು ಹೋಗಿ. ಪಫ್ಸ್ ತಿಂದು ಎಲ್ರೂ ನನ್ನನ್ನು ನೋಡಿ ನಗಾಡ್ಲಿ.”

ಸ್ಟೀವನ್ ಒಪ್ಪಿದ. ಬಾಯಮ್ಮ ಒಪ್ಪಲಿಲ್ಲ. “ಹನ್ನೊಂದು ಬಂದ್ರೆ ತಿನ್ನುವುದು ಯಾರು?” ಎಂದರು. ಅದು ನ್ಯಾಯವಾದ ಪ್ರಶ್ನೆ. ಎಲ್ಲರೂ ನನ್ನ ಕಡೆ ನೋಡಿದರು.

ಆದಿತ್ಯವಾರ ನಾಲ್ಕು ಗಂಟೆಗೆ ಅಂಗಳ ತುಂಬಿತ್ತು. ಹಳೇ ವಿದ್ಯಾರ್ಥಿಗಳು, ನೆರೆಕರೆ, ಮೀನಿನ ಮಾರ್ಕೆಟಿನವರು ಎಲ್ಲರೂ ಬಂದಿದ್ದರು. ನೆವಿಲ್ ಬಹರೈನ್‌ನಿಂದ ವಿಡಿಯೋ ಕಾಲ್‌ನಲ್ಲಿ ಒಂದು ಕುರ್ಚಿ ಹಿಡಿದಿದ್ದ. ಸ್ಟೀವನ್ ಮೈಕಿನಲ್ಲಿ ಸ್ವಾಗತ ಹೇಳಿದ, ಇನ್ನೊಮ್ಮೆ ಸ್ವಾಗತ ಹೇಳಿದ, ಶಾಲನ್ನು ಬಿಚ್ಚಿದ, ಮಡಚಿದ. ನಾಲ್ಕೂಕಾಲಾಯಿತು. ಬುಟ್ಟಿ ಬರಲಿಲ್ಲ. ಜನರು ಪಫ್ಸಿನ ಪೆಟ್ಟಿಗೆ ನೋಡತೊಡಗಿದರು. ಮಾಸ್ಟ್ರು ಹೊಸ ಅಂಗಿಯಲ್ಲಿ ಬೆನ್ನು ನೇರ ಮಾಡಿ ಕುಳಿತಿದ್ದರು, ಮೊಣಕೈ ಒಳಗೆ, ಬೆರಳುಗಳು ತೊಡೆಯ ಮೇಲೆ ಎ ಎಸ್ ಡಿ ಎಫ್ ಒತ್ತುತ್ತಿದ್ದವು.

ನಾಲ್ಕೂವರೆಗೆ ಗೇಟಿನಲ್ಲಿ ಸ್ಕೂಟರ್ ನಿಂತಿತು. ಬಂದವಳು ವನೆಸ್ಸಾ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಒಂದು ಲಕೋಟೆ. ಬಾಯಮ್ಮ ಯಾರನ್ನೂ ನಂಬದೆ ಅಡುಗೆಮನೆಯ ತಕ್ಕಡಿ ತಂದು ಚೀಲವನ್ನು ಅಂಗಳದ ನಡುವೆಯೇ ತೂಗಿದರು. ಬಗ್ಗಿ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

“ಎರಡು,” ಎಂದರು.

ಚಪ್ಪಾಳೆ ಬಿತ್ತು, ನೋಡಿ! ಸ್ಟೀವನ್ ಓಡಿ ಶಾಲು ಹಾಕಿದ, ಗಡಿಬಿಡಿಯಲ್ಲಿ ಮೈಕಿನ ವೈರಿಗೂ ಸೇರಿಸಿ ಹಾಕಿದ. ಮಾಸ್ಟ್ರು ಎದ್ದುನಿಂತು, “ನನಗೆ ಆ ಟೈಪಿಂಗ್ ಬರುವುದಿಲ್ಲ. ನಾನು ‘ಇದು ಎಂತ’ ಅಂತ ಕೇಳಿದ್ದು ಮಾತ್ರ,” ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಎಂಥ ವಿನಯ ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಸತ್ಯ ಹೇಳಿ ಇಷ್ಟು ಹೊಗಳಿಸಿಕೊಂಡವರನ್ನು ನಾನು ಅದೇ ಮೊದಲು ನೋಡಿದ್ದು.

ವನೆಸ್ಸಾ ಲಕೋಟೆ ಕೊಟ್ಟಳು. “ಶುಕ್ರವಾರ ಸಂಜೆ ಎರರ್ ಸೊನ್ನೆ ಆಯ್ತು ಅಂಕಲ್. ನೀವು ಮೊದಲ ದಿನ ಕೇಳಿದ್ದನ್ನು ಕೊಡ್ಲಿಕ್ಕೆ ಬಾಕಿ ಇತ್ತು. ನಿಮ್ಮ ಮೆಷಿನ್ನಿನಲ್ಲೇ ಹೊಡೆದದ್ದು, ನಾನೇ.”

ಒಳಗೆ ಒಂದು ಹಾಳೆ. ಲೂಯಿಸ್ ಅವರ ಬೆರಳು ತಪ್ಪಿಲ್ಲ, ತಪ್ಪು ನಮ್ಮದು ಎಂದು ಇಂಗ್ಲಿಷಿನಲ್ಲಿ ಮೂರು ಸಾಲು, ಕೆಳಗೆ ಸೈನ್ ಮತ್ತು ಸೀಲ್. ಮಾಸ್ಟ್ರು ಓದಿದರು. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಹಾಳೆಯನ್ನು ಬಾಯಮ್ಮನ ಕೈಗೆ ಕೊಟ್ಟರು. ಬಾಯಮ್ಮ ಓದಿ, ಎಲ್ಲರ ಎದುರೇ ಅವರ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡರು. “ಆಯ್ತು ಮಾರಾಯ್ರೆ. ತಪ್ಪಿದ್ದಲ್ಲ,” ಎಂದರು. ಅಷ್ಟು ಮಾತಿಗೆ ಹತ್ತು ದಿನ ಗುಳ್ಳ ತಿಂದದ್ದು ಸಾರ್ಥಕವಾಯಿತು ಎಂದು ನನಗೂ ಅನ್ನಿಸಿತು.

ಆಮೇಲೆ ಮಾಸ್ಟ್ರು ಹಾಳೆಯನ್ನು ವಾಪಸ್ ತೆಗೆದುಕೊಂಡು, ಕಿಸೆಯಿಂದ ಕೆಂಪು ಪೆನ್ನು ತೆಗೆದು, ಮೂರು ಕಡೆ ಸುತ್ತು ಹಾಕಿದರು. ಫಿಂಗರ್ ಎಂಬ ಪದದಲ್ಲೇ ಎರಡು ಅಕ್ಷರ ಹಿಂದುಮುಂದಾಗಿತ್ತು.

“ಫೇಲಾ ಅಂಕಲ್?” ಎಂದಳು ವನೆಸ್ಸಾ.

“ಫೇಲ್. ನಿನ್ನ ಅಮ್ಮನಿಗೆ ಹೀಗೆ ತಪ್ಪುತ್ತಿರಲಿಲ್ಲ.”

“ಹಾಗಾದ್ರೆ ಬಂದು ಕಲಿಸಿ. ಹೊಸ ಸಾಮಾನು ಬರುವುದು ತುಂಬ ಉಂಟು, ಅದು ಎಂತ ಇದು ಎಂತ ಅಂತ ಕೇಳುವವರು ನಮಗೆ ಬೇಕು.”

“ನಾಳೆ ಬರ್ತೇನೆ,” ಎಂದರು ಮಾಸ್ಟ್ರು.

“ಯಾವ ಬರ್ತೇನೆ ಅಂಕಲ್? ಟೈಪ್ ಹೇಳಿ.”

“ಬರುವ ಬರ್ತೇನೆ. ಒಂಬತ್ತೂವರೆಗೆ. ಮೆಷಿನ್ ಸಮೇತ.”

ಮೆಷಿನ್ ಶುಕ್ರವಾರವಿಡೀ ಮಣಿಪಾಲದಲ್ಲಿತ್ತು. ಆದರೆ ಸನ್ಮಾನದ ಮೇಜಿನ ಮೇಲೆ ಇಡಬೇಕೆಂದು ಶನಿವಾರ ಅದನ್ನು ಇಳಿಸಿ ತಂದವನು ನಾನು. ಪುನಃ ಮೂರು ಮಹಡಿ ಹೊರುವುದು ಯಾರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಯಾರಾದರೂ ಹೊರಲಿ, ಎನಿ ಎಂದು ಬಿಟ್ಟಿದ್ದಾರೆ ಎಂದುಕೊಂಡು ನಾನು ಎರಡನೆಯ ಪಫ್ಸ್ ತೆಗೆದುಕೊಂಡು ಮೆಲ್ಲನೆ ಗೇಟಿನ ಕಡೆ ಸರಿದೆ.

ಸೋಮವಾರ ಬೆಳಿಗ್ಗೆ ಹೋದಾಗ ಮೆಷಿನ್ನಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಮಾಸ್ಟ್ರೇ ಹೊಡೆದದ್ದು, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ: ಹೊರುವವರು, ಹೂವಪ್ಪ. ಎನಿ ಅಲ್ಲ.

ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ.